ಮುಟ್ಟಬಾರದ ನಳ

ದಸರೆಯ ಹೊತ್ತಿಗೆ ಸೋರಲು ಹತ್ತಿದ ನಮ್ಮ ಅಡುಗೆಮನೆಯ ನಳ ಸಂಕ್ರಾಂತಿ ದಾಟಿದರೂ ಸೋರುತ್ತಲೇ ಇತ್ತು. ಅಷ್ಟರೊಳಗೆ ನಮ್ಮ ಮನೆಯ ಮೂವರು ಅದನ್ನು ರಿಪೇರಿ ಮಾಡಿ ಮುಗಿಸಿದ್ದರು. ಮಾಡಿದೆವೆಂದು ಹೇಳಿಕೊಂಡು ತಿರುಗಿದ್ದರು ಎನ್ನುವುದು ಸರಿ. ಕೊನೆಗೆ ಕೈ ಹಾಕಿದವಳು ನಾನು, ಅದೂ ನನ್ನ ಅನ್ನಕ್ಕೆ ಕಲ್ಲು ಬೀಳುವ ಹೊತ್ತು ಬಂದ ಮೇಲೆ.

ನನ್ನದು ರೊಟ್ಟಿ ಕೆಲಸ. ಕಮರಿಪೇಟೆಯ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಕೊಡುತ್ತೇನೆ. ಒಬ್ಬಳೇ ಅಲ್ಲ, ನನಗೊಬ್ಬ ಜೊತೆಗಾತಿ ಇದ್ದಾಳೆ. ನಾನು ಒಳಗೆ ಗ್ಯಾಸಿನ ಮುಂದೆ, ಆಕೆ ಹಿತ್ತಲಲ್ಲಿ ತಗಡಿನ ಕೆಳಗೆ ಕಟ್ಟಿಗೆ ಒಲೆಯ ಮುಂದೆ. ಖರೆ ಹೇಳುತ್ತೇನೆ, ಗಿರಾಕಿಗಳು ಕೇಳಿಕೊಂಡು ಬರುವುದು ಆಕೆಯ ರೊಟ್ಟಿಯನ್ನು. ನಾನು ಬಡಿದದ್ದು ಅಂಚಿನಲ್ಲಿ ಸೀಳುತ್ತದೆ, ಆಕೆ ಬಡಿದದ್ದು ಹಂಚಿನ ಮೇಲೆ ಬಿದ್ದ ಕೂಡಲೇ ಪೂರಿಯ ಹಾಗೆ ಉಬ್ಬುತ್ತದೆ.

ಆಕೆ ಹಿತ್ತಲಲ್ಲಿ ಕೂಡುವುದು ಹೊಗೆಯ ಮೇಲಿನ ಆಸೆಯಿಂದಲ್ಲ. ನಮ್ಮ ಅತ್ತೆಯವರ ಪ್ರಕಾರ ಆಕೆಯ ಓಣಿಯವರು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಬಾರದು, ನಳ ಮುಟ್ಟಬಾರದು. ಆಕೆ ಬಡಿದ ರೊಟ್ಟಿಯನ್ನು ಊರೆಲ್ಲಾ ತಿನ್ನಬಹುದು. ಆ ರೊಟ್ಟಿ ಮಾರಿದ ದುಡ್ಡಿನಲ್ಲಿ ಅತ್ತೆಯವರ ಬಿಪಿ ಗುಳಿಗೆ ಬರಬಹುದು, ಶ್ರಾವಣದ ಪೂಜೆಗೆ ಹೂವು ಬರಬಹುದು. ಅದಕ್ಕೆಲ್ಲ ಮೈಲಿಗೆ ಹತ್ತುವುದಿಲ್ಲ. ನೀರು ಬೇಕೆಂದರೆ ಮಾತ್ರ ಆಕೆ ಹಿಂದಿನ ಬಾಗಿಲಲ್ಲಿ ನಿಂತು ಕೂಗಬೇಕು, ಒಳಗಿನವರು ಯಾರಾದರೂ ಕೊಡ ತುಂಬಿ ತಂದು ಆಕೆಯ ಬ್ಯಾರಲ್ಲಿಗೆ ಸುರಿಯಬೇಕು. ಯಾರಾದರೂ ಎಂದರೆ ನಾನು.

ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. ಬಂದ ದಿನ ಮಾಳಿಗೆಯ ಮೇಲಿನ ಟಾಕಿ ತುಂಬಿಸಿಕೊಂಡರೆ ಮುಂದಿನ ಸರತಿಯವರೆಗೆ ಅದೇ ಗತಿ. ಹನಿ ಹನಿ ಕೂಡಿದರೆ ಹಳ್ಳ ಎಂದು ಸಾಲೆಯಲ್ಲಿ ಕಲಿಸಿದ್ದರು. ಹನಿ ಹನಿ ಹೋದರೆ ಟಾಕಿಯ ತಳ ಕಾಣುತ್ತದೆ ಎಂದು ನಾನು ಆ ಚಳಿಗಾಲದಲ್ಲಿ ಕಲಿತೆ. ನಳದ ಕೆಳಗೆ ಇಟ್ಟ ಪಾತ್ರೆ ತುಂಬಿ, ಉಕ್ಕಿ, ಮೋರಿಗೆ ಹೋಗುತ್ತಿತ್ತು. ಸರತಿಗೆ ಎರಡು ದಿನ ಇರುವಾಗಲೇ ಟಾಕಿ ಬರಿದು. ಹಾಗಾದಾಗ ಮೊದಲು ನೀರು ನಿಲ್ಲುವುದು ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಅತ್ತೆಯವರ ಸ್ನಾನ ಆಗಬೇಕು, ಯಜಮಾನರ ಸ್ಕೂಟರ್ ತೊಳೆಯಬೇಕು, ಹಿತ್ತಲಿನ ಬ್ಯಾರಲ್ಲು ಕೊನೆಗೆ.

ಒಂದು ಮಧ್ಯಾಹ್ನ ಜೊತೆಗಾತಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿಗೆ ಬಂದಳು. ತೊಳೆದುಕೊಳ್ಳಲು ಆಕೆಗೆ ನೀರಿರಲಿಲ್ಲ.

"ಅಕ್ಕಾರ, ಅಮರಗೋಳದಾಗ ಮಾರ್ಕೆಟ್ ಯಾರ್ಡಿನ ಹತ್ರ ಹೊಸಾ ಖಾನಾವಳಿ ಆಗೈತ್ರಿ. ಅವರು ಕರ್ಯಾಕತ್ಯಾರ. ಈ ಸಲ ನಳ ಬಂದ ಮ್ಯಾಲೂ ಹಿಂಗ ಇತ್ತಂದ್ರ ನಾ ಅಲ್ಲಿಗೆ ಹೋಗ್ತೇನ್ರಿ."

"ನಾ ನೀರ ತಂದು ಹಾಕ್ತೇನಲ್ಲವಾ."

"ಇದ್ರ ಹಾಕ್ತೀರಿ. ಇಲ್ಲಂದ್ರ ನಾ ಏನ್ ಉಗಳ ಹಚ್ಚಿ ಹಿಟ್ಟ ನಾದಲ್ರಿ?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಆಕೆ ಹೋದರೆ ನನ್ನ ಕೆಲಸ ಮುಗಿಯಿತು, ಸೀಳಿದ ರೊಟ್ಟಿಯನ್ನು ಯಾವ ಖಾನಾವಳಿಯವನು ತೆಗೆದುಕೊಳ್ಳುತ್ತಾನೆ?

ಈಗ ನಮ್ಮ ಮನೆಯ ರಿಪೇರಿಗಾರರ ಬಗ್ಗೆ ಎರಡು ಮಾತು. ಮೊದಲನೆಯವರು ನಮ್ಮ ಯಜಮಾನರು. ಅವರಿಗೆ ಗೊತ್ತಿರುವ ವಿದ್ಯೆ ಒಂದೇ, ಬಿಗಿ ಮಾಡುವುದು. ನಳ ಸೋರಿದರೆ ಬಿಗಿ ಮಾಡು, ಇನ್ನೂ ಸೋರಿದರೆ ಇನ್ನೂ ಬಿಗಿ ಮಾಡು. ಅಡುಗೆಮನೆಗೆ ಬಂದಾಗೊಮ್ಮೆ, ಹೋಗುವಾಗೊಮ್ಮೆ, ಹಲ್ಲು ಕಚ್ಚಿ ನಳದ ಕಿವಿ ಹಿಂಡುತ್ತಿದ್ದರು. ಆಮೇಲೆ ನಾನು ಅದನ್ನು ತೆರೆಯಲು ಎರಡೂ ಕೈ ಹಾಕಿ ಜೋತುಬೀಳಬೇಕು. "ನಿನ್ನ ಕೈಯಾಗ ಶಕ್ತಿನ ಇಲ್ಲ, ಅದಕ ಸೋರತೈತಿ" ಎಂದು ಮೇಲೆ ನನಗೇ ಬುದ್ಧಿ ಹೇಳುತ್ತಿದ್ದರು. ಶಕ್ತಿ ಇದ್ದವರ ಕೈಯಲ್ಲಿ ಅದು ಮೊದಲಿಗಿಂತ ಹೆಚ್ಚು ಸೋರುತ್ತಿತ್ತು.

ಎರಡನೆಯವರು ಅತ್ತೆ. ಅವರಿಗೆ ನೀರು ಹೋಗುವುದರ ಚಿಂತೆಗಿಂತ ಟಪ್ ಟಪ್ ಸದ್ದಿನ ಚಿಂತೆ. ಒಂದು ದಿನ ದಾರದ ತುಂಡನ್ನು ನಳದ ಮೂತಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪಾತ್ರೆಯೊಳಗೆ ಇಳಿಬಿಟ್ಟರು. ಹನಿ ದಾರ ಹಿಡಿದು ಸುಮ್ಮನೆ ಕೆಳಗೆ ಜಾರಿತು. ಸೋರುವುದು ನಿಲ್ಲಲಿಲ್ಲ, ಸದ್ದು ನಿಂತಿತು. ನಮ್ಮ ಮನೆಯಲ್ಲಿ ಇದಕ್ಕೂ ರಿಪೇರಿ ಎನ್ನುತ್ತಾರೆ, ಬಂದವರಿಗೆಲ್ಲ ಕರೆದು ತೋರಿಸಿದರು.

ಮೂರನೆಯವನು ಮೈದುನ. ಡಿಗ್ರಿ ಆದವನು, ಮೊಬೈಲಿನಲ್ಲಿ ವಿಡಿಯೋ ನೋಡಿ ಮಾಡುತ್ತೇನೆಂದ. "ವೈನಿ, ಇದು ಐದ ಮಿಂಟಿನ ಕೆಲಸ" ಎಂದವನು ಮೊದಲು ಮಾಳಿಗೆಗೆ ಹೋಗಿ ಟಾಕಿಯ ವಾಲ್ವ್ ಬಂದ್ ಮಾಡಲು ನೋಡಿದ. ಆ ವಾಲ್ವನ್ನು ಕೂಡಿಸಿದಂದಿನಿಂದ ಯಾರೂ ತಿರುಗಿಸಿರಲಿಲ್ಲ. ವಾರಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ ಇದ್ದ ನೀರನ್ನು ಬಂದ್ ಮಾಡುವ ವಿಚಾರ ಯಾರಿಗೆ ಬರುತ್ತದೆ? ತುಕ್ಕು ಹಿಡಿದು ಕುಳಿತಿದ್ದ ಅದನ್ನು ಈತ ಕಬ್ಬಿಣದ ಕೊಳವೆ ಸಿಕ್ಕಿಸಿ ಎಳೆದ. ಒಳಗೆ ಏನೋ ಕಟ್ ಎಂದಿತು. ಅಂದಿನಿಂದ ವಾಲ್ವಿನ ಚಕ್ರ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ, ನೀರು ತನ್ನ ಪಾಡಿಗೆ ಹರಿಯುತ್ತಲೇ ಇರುತ್ತದೆ. ಆಮೇಲೆ ಕೆಳಗಿಳಿದು ನಳದ ಸುತ್ತ ಅಂಟಿನ ಹಿಟ್ಟು ಮೆತ್ತಿ, ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ. ನೀರು ಬರುವುದು ನಳದ ಬಾಯಿಯಿಂದ, ಈತ ಮುಚ್ಚಿದ್ದು ಕುತ್ತಿಗೆ.

ನಡುವೆ ಒಬ್ಬ ಪ್ಲಂಬರನೂ ಬಂದಿದ್ದ. ಪಾಪ, ಅವನನ್ನು ಅತ್ತೆ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಲ್ಲಿಸಿದರು. ಅವನೂ ಹೊರಗಿನವನೇ ಅಲ್ಲವೇ? ಅಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ ನಳವನ್ನು ನೋಡಿ, "ಗ್ವಾಡಿ ಒಡೀಬೇಕ್ರಿ ಅವ್ವಾರ, ಲೈನ್ ಎಲ್ಲಾ ಹೋಗೈತಿ" ಎಂದ. ಕೈ ಮುಟ್ಟದೆ ನಾಡಿ ನೋಡುವ ವೈದ್ಯನನ್ನು ಮೊದಲ ಸಲ ಕಂಡೆ. ಗೋಡೆ ಒಡೆಯುವುದೆಂದರೆ ಅವನು ಒಳಗೆ ಬರಬೇಕು, ಅದು ಅತ್ತೆಗೆ ಆಗದು. ಚಹಾ ಕುಡಿದು ಹೋದ.

ಆ ಶನಿವಾರ ನಳ ಬಂತು. ನಮ್ಮಲ್ಲಿ ನಳ ಬಂದ ದಿನ ಅತ್ತೆಯವರದೊಂದು ಪದ್ಧತಿ ಇದೆ. ಟಾಕಿ ತುಂಬಿದ ಮೇಲೆ ಅಡುಗೆಮನೆಯ ಹಿತ್ತಾಳೆ ನಳವನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕುತ್ತಾರೆ, ಮೂರು ಬೆರಳು ವಿಭೂತಿ ಎಳೆಯುತ್ತಾರೆ, ಕುಂಕುಮ ಇಡುತ್ತಾರೆ. "ನಿಮ್ಮ ಮಾವನವರು ಹಾಕಿಸಿದ್ದು, ಇವತ್ತಿಗೂ ಹೊರಗಿನವರ ಕೈ ಹತ್ತಿಲ್ಲ" ಎಂದು ಪ್ರತಿ ಸಲ ಹೇಳುತ್ತಾರೆ. ಆ ದಿನವೂ ಹೇಳಿದರು. ವಿಭೂತಿ ಹಚ್ಚಿಸಿಕೊಂಡ ನಳ ಅವರೆದುರೇ ಸೋರುತ್ತಿತ್ತು. ಯಜಮಾನರು ಕಚೇರಿಗೆ, ಮೈದುನ ತನ್ನ ಗೆಳೆಯರ ಕಡೆಗೆ ಹೋಗಲೆಂದು ಕಾದು ನಾನು ಸೆರಗು ಸಿಕ್ಕಿಸಿದೆ.

ನಳ ಬಿಚ್ಚಬೇಕಾದರೆ ಮೇಲಿನಿಂದ ನೀರು ನಿಲ್ಲಬೇಕು. ಕೆಟ್ಟ ವಾಲ್ವನ್ನು ನಂಬುವಂತಿಲ್ಲ. ಹಾಗೇ ಬಿಚ್ಚಿದರೆ ಒಂದು ವಾರದ ನೀರು ಅಡುಗೆಮನೆಯ ನೆಲಕ್ಕೆ. ನಾನು ಮಾಳಿಗೆಯ ಮೇಲೆ ಟಾಕಿಯ ಮುಂದೆ ನಿಂತು ವಿಚಾರ ಮಾಡಿದೆ. ಹಳೆಯ ಸಿಮೆಂಟಿನ ಟಾಕಿ, ನನ್ನ ಸೊಂಟದೆತ್ತರ. ಕೊಳವೆಯ ಬಾಯಿ ಒಳಗೆ ತಳದ ಹತ್ತಿರ ಇದೆ. ಹೊರಗಿನಿಂದ ಬಂದ್ ಆಗದಿದ್ದರೆ ಒಳಗಿನಿಂದ ಆಗಲೇಬೇಕಲ್ಲ. ಕಾಳು ಬಿಡಿಸಿದ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆಯೊಂದಕ್ಕೆ ಹಳೆ ಸೀರೆಯ ಅರಿವೆ ಸುತ್ತಿ, ಎಳೆದು ತೆಗೆಯಲೆಂದು ಅದಕ್ಕೊಂದು ಹಗ್ಗ ಕಟ್ಟಿದೆ. ಕುಪ್ಪಸದ ತೋಳು ಏರಿಸಿ, ಟಾಕಿಯ ಅಂಚಿಗೆ ಹೊಟ್ಟೆ ಹಚ್ಚಿ ಬಗ್ಗಿ, ಭುಜದವರೆಗೆ ಕೈ ಇಳಿಸಿ ಕೊಳವೆಯ ಬಾಯಿ ಹುಡುಕಿದೆ. ನೀರು ಕೊರೆಯುತ್ತಿತ್ತು. ತೆನೆಯನ್ನು ಬಾಯಿಗೆ ಹಿಡಿದದ್ದೇ ತಡ, ನೀರೇ ಅದನ್ನು ಒಳಗೆಳೆದು ಕೂಡಿಸಿತು. ಇಷ್ಟು ದಿನ ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಸಹಾಯ ಅದು.

ಕೆಳಗೆ ಬಂದು ನಳ ಬಿಟ್ಟೆ. ಕೊಳವೆಯಲ್ಲಿದ್ದ ನೀರು ಹೋಗಿ ನಳ ಒಣಗಿತು. ಮೈದುನನ ಅಂಟನ್ನು ಕೆರೆದು ತೆಗೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಹಿತ್ತಾಳೆಗೆ ಗಾಯ ಆಗಬಾರದೆಂದು ಅರಿವೆ ಸುತ್ತಿ ತಿರುಪು ಬಿಚ್ಚುವ ಪಾನಾ ಹಾಕಿದೆ. ಇನ್ನೊಂದು ಕೈಯಿಂದ ನಳದ ಹೊಟ್ಟೆಯನ್ನು ಗಟ್ಟಿ ಹಿಡಿದಿದ್ದೆ, ಇಲ್ಲವಾದರೆ ಗೋಡೆಯೊಳಗಿನ ಹಳೆ ಕೊಳವೆ ತಿರುಚಿಕೊಂಡು ಮುರಿದುಹೋದೀತು, ಆಗ ಪ್ಲಂಬರನ ಮಾತೇ ಖರೆ ಆದೀತು. ಮೇಲಿನ ಟೊಪ್ಪಿಗೆ ಸಡಿಲಾಯಿತು. ಎತ್ತಿದರೆ ತಿರುಪಿನ ಕಡ್ಡಿ, ಅದರ ತುದಿಗೆ ಒಂದು ಕಪ್ಪು ಬಿಲ್ಲೆ. ಅದೇ ವಾಷರ್. ನೀರಿನ ತೂತಿನ ಅಂಚಿನ ಮೇಲೆ ಈ ಬಿಲ್ಲೆ ಮೆತ್ತಗೆ ಕುಳಿತರೆ ನಳ ಬಂದ್, ಅಷ್ಟೇ ಇದರ ರಹಸ್ಯ. ಯಜಮಾನರ ಶಕ್ತಿಗೆ ಅದರ ಮೇಲೆ ಆಳವಾದ ಉಂಗುರ ಬಿದ್ದಿತ್ತು, ಒಂದು ಕಡೆ ಹರಿದೇ ಹೋಗಿತ್ತು.

ಬಿಲ್ಲೆಯನ್ನು ಅರಿವೆಯಲ್ಲಿ ಕಟ್ಟಿಕೊಂಡು ದುರ್ಗದಬೈಲಿನ ನಳದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಹೆಂಗಸು ಬಂದಳೆಂದು ಮೊದಲು ಕನ್ನಡಿಯಂಥ ಹೊಸ ನಳಗಳನ್ನು ಸಾಲಾಗಿ ಇಟ್ಟ. ನಾನು ಬಿಲ್ಲೆಯನ್ನು ಗಲ್ಲೆಯ ಮೇಲೆ ಇಟ್ಟೆ. ಅವನು ಉಗುರಿನಿಂದ ಕೆರೆದು ನೋಡಿದ.

"ಇದು ಚರ್ಮದ್ದು ಐತಲ್ರಿ ಅಕ್ಕಾರ. ಹಳೇ ನಳದ್ದು. ಈಗ ಎಲ್ಲಾ ರಬ್ಬರ್."

"ಏನ್ ಅಂದ್ರಿ?"

"ಚರ್ಮರೀ. ಎಮ್ಮಿದ ಇರಬೇಕು. ಆವಾಗ ಇದ ಹಾಕ್ತಿದ್ರು."

ನನಗೆ ಅಂಗಡಿಯಲ್ಲೇ ನಗು ಬಂತು. ತಡೆದುಕೊಳ್ಳಲು ಆಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಇಷ್ಟು ವರ್ಷ ವಿಭೂತಿ ಹಚ್ಚಿಸಿಕೊಂಡ, ಕುಂಕುಮ ಇಡಿಸಿಕೊಂಡ, ಹೊರಗಿನವರ ಕೈ ಹತ್ತದ ನಳ ಎಮ್ಮೆಯ ಚರ್ಮ ಕಚ್ಚಿಕೊಂಡು ಕುಳಿತಿತ್ತು. ಅತ್ತೆಯವರು ದಿನಾ ಬೆಳಿಗ್ಗೆ ಪೂಜೆಗೆ ತುಂಬಿಕೊಳ್ಳುವ ತಂಬಿಗೆ ನೆನಪಾಯಿತು. ಅಂಗಡಿಯವನು ನನಗೆ ತಲೆ ಕೆಟ್ಟಿದೆಯೆಂದು ತಿಳಿದಿರಬೇಕು, ಬೇಗ ರಬ್ಬರಿನ ವಾಷರ್ ಕಟ್ಟಿಕೊಟ್ಟ.

ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ರಬ್ಬರ್ ಹಾಕಿ, ಟೊಪ್ಪಿಗೆ ಕೂಡಿಸಿ, ಮಾಳಿಗೆಗೆ ಹೋಗಿ ಹಗ್ಗ ಎಳೆದು ತೆನೆ ತೆಗೆದೆ. ಇಳಿದು ಬಂದು ನೋಡಿದರೆ ನಳದ ಮೂತಿಯಲ್ಲಿ ಹನಿ. ಒರೆಸಿದೆ. ಮತ್ತೆ ಹನಿ. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಹೆಣ್ಣಮಕ್ಕಳ ಮಾಡೂ ಕೆಲಸಲ್ಲ ಅದು. ಸಂಜಿಕ್ಕ ನನ್ನ ಮಗ ಬಂದು ಬಿಗಿ ಮಾಡ್ತಾನ, ಬಿಡು" ಎಂದರು. ನನಗೆ ಉರಿಯಿತು. ಇಂಥ ಮಾತು ಕೇಳಿಸಿಕೊಂಡೇ ನಾನು ಸೋತು ಕೂಡುತ್ತೇನೆಂದು ಅವರು ಲೆಕ್ಕ ಹಾಕಿದ್ದರು.

ಮತ್ತೆ ಮಾಳಿಗೆ, ಮತ್ತೆ ತೆನೆ, ಮತ್ತೆ ಭುಜದವರೆಗೆ ಚಳಿ. ನಳ ಬಿಚ್ಚಿ ಈ ಸಲ ತೂತಿನ ಅಂಚಿನ ಮೇಲೆ ಬೆರಳು ಆಡಿಸಿದೆ. ಒಂದು ಕಡೆ ಉಗುರು ಸಿಕ್ಕಿತು. ಹರಿದ ವಾಷರಿನ ಮೇಲೆ ಬಿಗಿ ಮಾಡಿ ಮಾಡಿ ಹಿತ್ತಾಳೆಯ ಅಂಚೇ ಸವೆದು ಕಚ್ಚು ಬಿದ್ದಿತ್ತು. ಗಟ್ಟಿ ರಬ್ಬರ್ ಆ ಕಚ್ಚಿನ ಮೇಲೆ ಸೇತುವೆಯ ಹಾಗೆ ನಿಲ್ಲುತ್ತಿತ್ತು, ಕೆಳಗಿನಿಂದ ನೀರು ಹಾದುಹೋಗುತ್ತಿತ್ತು. ಮತ್ತೆ ಅದೇ ಅಂಗಡಿಗೆ ಹೋದೆ.

"ಅಂಚ ಸವದಿದ್ರ ರಬ್ಬರ್ ಹಿಡಿಯಂಗಿಲ್ರಿ. ನಳಾನ ಬದಲಿ ಮಾಡ್ರಿ, ಇಲ್ಲಾ ದಪ್ಪ ಚರ್ಮದ್ದು ಹಾಕ್ರಿ. ಅದು ಮೆತ್ತಗಿರ್ತೈತಿ, ಕಚ್ಚಿನಾಗ ಕುಂದರತೈತಿ. ನನ್ನ ಕಡೆ ಇಲ್ಲ, ಚಪ್ಪಲಿ ಹೊಲಿಯೋರ ಹತ್ರ ಕತ್ತರಿಸ್ಕೋರಿ."

ನಳ ಬದಲಿಸಲು ಹೋದರೆ ಗೋಡೆಯೊಳಗಿನ ಕೊಳವೆ ಮುರಿಯುವುದು ಖಚಿತ. ಮುರಿದರೆ ಗೋಡೆ ಒಡೆಯುವವನು ಒಳಗೆ ಬರುವಂತಿಲ್ಲ, ಅಷ್ಟರಲ್ಲಿ ಜೊತೆಗಾತಿ ಅಮರಗೋಳದಲ್ಲಿರುತ್ತಾಳೆ. ಇನ್ನು ಚರ್ಮ. ಮಾವನವರು ತಿಳಿಯದೆ ಹಾಕಿಸಿದ್ದರೇನೋ, ನಾನು ತಿಳಿದೂ ತಿಳಿದೂ ಅದೇ ಅಡುಗೆಮನೆಗೆ ಚರ್ಮ ಒಯ್ಯಬೇಕು. ಗೊತ್ತಾದರೆ ಅತ್ತೆ ಮನೆಯನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಸ್ವಲ್ಪ ಹೊತ್ತು ಯೋಚಿಸಿದೆ. ಕುಣಿಯಲಿ ಎಂದುಕೊಂಡು ಮೂಲೆಯಲ್ಲಿ ಚಪ್ಪಲಿ ಹೊಲಿಯುವವರ ಕಡೆ ನಡೆದೆ.

ಅಲ್ಲಿ ಕುಳಿತಿದ್ದ ಮುದುಕರು ನಾನು ಕೊಟ್ಟ ಹಳೆ ಬಿಲ್ಲೆಯನ್ನು ಅಳತೆಗೆ ಇಟ್ಟು ದಪ್ಪ ಚರ್ಮ ಕೊರೆದರು, ನಡುವೆ ತೂತು ಹೊಡೆದರು, ಯಾವ ಓಣಿ ಎಂದು ಕೇಳಿದರು. "ಎಣ್ಣ್ಯಾಗ ನೆನಸಿ ಹಾಕ್ರಿ, ಬಾಳ ದಿನಾ ಬರ್ತೈತಿ. ನಿಮ್ಮ ಓಣ್ಯಾಗಿಂದ ಇನ್ನೂ ಮಂದಿ ಬರ್ತಾರ್ರಿ ಇದಕ" ಎಂದರು. ಹಾಗಾದರೆ ನಮ್ಮ ಓಣಿಯ ಮಡಿವಂತರ ಮನೆಗಳಲ್ಲಿ ಇನ್ನೂ ಎಷ್ಟೋ ನಳಗಳು ಬಾಯಿ ಮುಚ್ಚಿಕೊಂಡು ಕುಳಿತಿವೆ.

ಬಿಲ್ಲೆಯನ್ನು ಶೇಂಗಾ ಎಣ್ಣೆಯಲ್ಲಿ ನೆನೆಸಿದೆ. ಮೆತ್ತಗಾದ ಮೇಲೆ ಕಡ್ಡಿಯ ತುದಿಗೆ ಸಿಕ್ಕಿಸಿ ಪುಟ್ಟ ನಟ್ಟು ಹಾಕಿ, ಟೊಪ್ಪಿಗೆ ಕೂಡಿಸಿ, ತೆನೆ ತೆಗೆದು ಬಂದೆ. ನಳ ಬಿಟ್ಟೆ, ಮೆಲ್ಲಗೆ ಬಂದ್ ಮಾಡಿದೆ. ಮೂತಿ ಒರೆಸಿ ಮುಂದೆ ಕುಳಿತೆ. ಹನಿ ಬರಲಿಲ್ಲ. ಚಹಾ ಮಾಡಿ ಕುಡಿದು ಮತ್ತೆ ನೋಡಿದೆ, ಒಣಗಿಯೇ ಇತ್ತು. ಅತ್ತೆ ಬಂದು ಬಗ್ಗಿ ನೋಡಿದರು. "ನನ್ನ ಮಗಾ ನಿನ್ನೆ ಬಿಗಿ ಮಾಡಿದ್ದು ಈಗ ಹತ್ತಿತು ನೋಡು" ಎಂದು ವಿಭೂತಿಯ ಬಟ್ಟಲಿಗೆ ಕೈ ಹಾಕಿದರು.

ಆ ಮಾತು ಬಾರದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಹಳೆಯ ಬಿಲ್ಲೆಯನ್ನು ಅವರ ಮುಂದೆ ಕಟ್ಟೆಯ ಮೇಲೆ ಇಟ್ಟೆ.

"ಅತ್ಯಾರ, ಇದಕ್ಕೂ ಒಂದೀಟು ಹಚ್ರಿ. ಇಷ್ಟ ದಿನ ನಳದೊಳಗ ಇದ್ದದ್ದು ಇದ."

"ಏನದು, ಹೊತ್ತಿದ ರೊಟ್ಟಿಗತೆ?"

"ಚರ್ಮ. ಎಮ್ಮಿದು. ಈಗ ಹಾಕಿದ್ದೂ ಚರ್ಮಾನ."

ಅತ್ತೆಯವರ ಕೈ ವಿಭೂತಿ ಬಟ್ಟಲಲ್ಲೇ ನಿಂತಿತು. ಬಿಲ್ಲೆಯನ್ನು ನೋಡಿದರು, ನಳವನ್ನು ನೋಡಿದರು, ದೇವರ ಜಗಲಿಯ ಮೇಲಿನ ತಂಬಿಗೆಯನ್ನು ನೋಡಿದರು. ಕುಣಿಯುತ್ತಾರೆಂದು ನಾನು ಕಾದಿದ್ದೆ. ಅವರು ಬಟ್ಟಲು ಕೆಳಗಿಟ್ಟು, ಏನೂ ಆಗಿಲ್ಲವೆಂಬ ಹಾಗೆ ಹೇಳಿದರು.

"ಹರಿಯೋ ನೀರಿಗೆ ಎಲ್ಲೀ ಮೈಲಿಗಿ?"

"ಹಂಗಾರ ಆಕಿ ಒಳಗ ಬಂದು ತುಂಬ್ಕೊಳ್ಳಲಿ. ಆಕಿ ನಳಾ ಬಿಟ್ರೂ ನೀರ ಹರಿದ ಬರ್ತೈತಿ."

ಅತ್ತೆ ತಿರುಗಿ ಪಡಸಾಲೆಗೆ ಹೋದರು. ಮರುದಿನದಿಂದ ಅವರ ಕುಡಿಯುವ ನೀರು ಓಣಿಯ ಮೂಲೆಯ ಫಿಲ್ಟರ್ ಮಷೀನಿನಿಂದ ಕ್ಯಾನಿನಲ್ಲಿ ಬರತೊಡಗಿತು. ಆ ಮಷೀನಿನ ಗುಂಡಿಯನ್ನು ಇಡೀ ಕಮರಿಪೇಟೆ ಒತ್ತುತ್ತದೆ. ಅದನ್ನು ಅವರಿಗೆ ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಹಿಂದಿನ ಬಾಗಿಲಿಗೆ ಹೋದೆ. ಜೊತೆಗಾತಿ ಅಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ಬಾರವಾ ಒಳಗ. ನಳಾ ಛಲೋ ಆತು. ನೀನ ತುಂಬ್ಕೋ."

ಆಕೆ ಅಲುಗಲಿಲ್ಲ. ಕೊಡವನ್ನು ಸೊಂಟದಿಂದ ಇಳಿಸಲೂ ಇಲ್ಲ.

"ಇಷ್ಟ ವರ್ಷ ನಾ ಇಲ್ಲೇ ನಿಂತಿದ್ನೆಲ್ರಿ ಅಕ್ಕಾರ. ಕರೀಲಿಲ್ಲ. ಇವತ್ತ ಎಮ್ಮಿ ಚರ್ಮ ಸಾಕ್ಷಿ ಹೇಳಿತಂತ ಕರ್ಯಾಕತ್ತೀರಿ."

ಅತ್ತೆಗೆ, ಗಂಡನಿಗೆ, ಮೈದುನನಿಗೆ ಕೊಡಲು ಉತ್ತರ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವಳು ನಾನು. ಆಕೆಗೆ ಕೊಡಲು ಒಂದೂ ಇರಲಿಲ್ಲ. ನಾಚಿಕೆಯಾಯಿತು.

"ಅಮರಗೋಳಕ್ಕ ಹೋಗ್ತೀಯೇನ ಹಂಗಾರ?" ಎಂದಷ್ಟೇ ಕೇಳಿದೆ.

"ನೋಡೂಣು. ನನ್ನ ಒಲಿ ಒಳಗ ಬರಬೇಕು. ಬರೇ ನೀರಿಗಂತ ಬಂದು ಹೊಗಿಗೆ ಹೊರಗ ಹೋಗಾಕಿ ಅಲ್ಲ ನಾ."

"ಎರಡೂ ಒಲಿ ಒಳಗ. ಮಾತಾತು."

ಆಗ ಬಂದಳು. ನೇರವಾಗಿ ನಳದ ಹತ್ತಿರ ಹೋಗಿ ಕೊಡ ತುಂಬಿಕೊಂಡಳು. ನಿಲ್ಲಿಸುವಾಗ ಎರಡು ಬೆರಳಿನಿಂದ ಕಿವಿಯನ್ನು ತಿರುವಿ, ನೀರು ನಿಂತಲ್ಲಿಗೆ ಕೈ ತೆಗೆದಳು. ಒಂದು ಎಳೆಯಷ್ಟೂ ಹೆಚ್ಚು ತಿರುವಲಿಲ್ಲ.

ಸೋಮವಾರ ಎರಡು ಒಲೆಯ ಗ್ಯಾಸ್ ಶೆಗಡಿಯ ಮುಂದೆ ನಾವಿಬ್ಬರೂ ಕುಳಿತೆವು. ಅತ್ತೆ ಪಡಸಾಲೆಯಲ್ಲಿ ತಮ್ಮ ಕ್ಯಾನಿನ ಪಕ್ಕ ಮುಖ ಗಂಟು ಹಾಕಿಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಒಳಗೆ ಆಕೆಯನ್ನು ನೋಡಿ ಹುಬ್ಬೇರಿಸಿದರು. ಹೊಸ್ತಿಲು ದಾಟಿ ಸೀದಾ ನಳದ ಕಡೆ ಬಂದರು. ಸೋರದ ನಳದ ಕಿವಿಗೆ ಕೈ ಹಾಕಿ ಹಲ್ಲು ಕಚ್ಚಿದರು.

"ಕೈ ತಗೀರಿ," ಎಂದೆ. "ಇವತ್ತಿನಿಂದ ಆ ನಳಾ ನೀವು ಮುಟ್ಟೂ ಹಂಗಿಲ್ಲ."

"ಮತ್ತ ನನಗ ನೀರು?"

"ಹೊಸ್ತಲದಾಚೆ ನಿಂತು ಕೇಳ್ರಿ. ಯಾರರ ಹಾಕ್ತಾರ."

ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಅವರು ನನ್ನ ಮುಖ ನೋಡಿದರು. ಆಮೇಲೆ ಹಿಂದೆ ಸರಿದು ಹೊಸ್ತಿಲ ಆಚೆ ನಿಂತು ಲೋಟ ಚಾಚಿದರು. ನನ್ನ ಕೈಯಲ್ಲಿ ಹಿಟ್ಟಿತ್ತು. ಜೊತೆಗಾತಿ ಎದ್ದು, ತಂಬಿಗೆ ತುಂಬಿ ತಂದು, ಲೋಟಕ್ಕೆ ತಾಗದ ಹಾಗೆ ಎತ್ತರದಿಂದ ನೀರು ಸುರಿದಳು.